ಬಾಗಿಲು ತೆರೆದ ಮೇಲಿನ ಕೆಲಸ

ಪ್ರೌಢಶಿಕ್ಷಣ ಮುಗಿಸಿ ಬಂದವರನ್ನು ಅಂಕಪಟ್ಟಿ ನೋಡಿ ತಡೆಯದೆ ಸೇರಿಸಿಕೊಳ್ಳುವ, ಎರಡು ವರ್ಷಗಳ ಅಸೋಸಿಯೇಟ್ ಪದವಿಯನ್ನೂ ಕಸುಬಿನ ಪ್ರಮಾಣಪತ್ರಗಳನ್ನೂ ಕೊಡುವ, ಮುಂದೆ ಓದಬಯಸಿದವರನ್ನು ನಾಲ್ಕು ವರ್ಷಗಳ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ದಾಟಿಸುವ ಸಾರ್ವಜನಿಕ ಸಂಸ್ಥೆಗೆ ಅಮೆರಿಕದಲ್ಲಿ ಸಮುದಾಯ ಕಾಲೇಜು ಎಂಬ ಹೆಸರಿದೆ. ಆ ದೇಶದಲ್ಲಿ ಇಂಥ ಕಾಲೇಜುಗಳು ಸುಮಾರು ಸಾವಿರದಷ್ಟಿದ್ದು, ಪದವಿ ಹಂತದ ವಿದ್ಯಾರ್ಥಿಗಳಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಇವುಗಳಲ್ಲಿಯೇ ಓದುತ್ತಾರೆ. ಹಗಲು ದುಡಿದು ಸಂಜೆ ಓದುವವರು, ಮಕ್ಕಳನ್ನು ಸಾಕುತ್ತಲೇ ಓದುವ ತಾಯಂದಿರು, ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು, ಇತ್ತೀಚೆಗೆ ವಲಸೆ ಬಂದು ಇಂಗ್ಲಿಷನ್ನು ಇನ್ನೂ ಕಲಿಯುತ್ತಿರುವವರು, ಹೀಗೆ ಉನ್ನತ ಶಿಕ್ಷಣದ ಇತರ ಬಾಗಿಲುಗಳು ಯಾರಿಗೆ ಕಿರಿದಾಗಿವೆಯೋ ಅವರೇ ಇಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರುತ್ತಾರೆ. ಆದರೆ ಹೊಸದಾಗಿ ಸೇರಿದವರಲ್ಲಿ ಬಹುಪಾಲು ಜನ ಮೂರು ವರ್ಷ ಕಳೆದರೂ ಪದವಿ ಪಡೆದಿರುವುದಿಲ್ಲ. ಹಲವರು ನಡುವೆಯೇ ಕಾಣೆಯಾಗುತ್ತಾರೆ, ಅವರು ಯಾಕೆ ಬರಲಿಲ್ಲವೆಂದು ವಿಚಾರಿಸುವ ಹೊಣೆಯೂ ಬಹುಕಾಲ ಯಾರದ್ದೂ ಆಗಿರಲಿಲ್ಲ. ಪ್ರವೇಶಕ್ಕೂ ಪದವಿಗೂ ನಡುವಿನ ಈ ಅಂತರದಲ್ಲಿ ಕಾಲೇಜು ಮಾಡಬೇಕಾದ ಕೆಲಸವನ್ನು ವಿದ್ಯಾರ್ಥಿ ಬೆಂಬಲ ಸೇವೆ ಎಂದು ಕರೆಯುತ್ತಾರೆ. ಈ ಕೆಲಸವನ್ನು ಬೋಧನೆಗೆ ಅಂಟಿಸಿದ ದಾನಧರ್ಮವೆಂದು ಕಾಣುವ ರೂಢಿಯಿದ್ದರೂ, ಕಳೆದ ಎರಡು ದಶಕಗಳ ಅನುಭವ ಅದನ್ನು ಬೋಧನೆಯಷ್ಟೇ ಮುಖ್ಯವಾದ ಕರ್ತವ್ಯವೆಂದು ತೋರಿಸಿಕೊಟ್ಟಿದೆ.

ಈ ಬಗೆಯ ಕಾಲೇಜುಗಳ ಆರಂಭ ಸಣ್ಣದು. ಶಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಅವರ ಪ್ರೇರಣೆಯಿಂದ 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಆರು ವಿದ್ಯಾರ್ಥಿಗಳೊಂದಿಗೆ ಮೊದಲ ಸಾರ್ವಜನಿಕ ಕಿರಿಯ ಕಾಲೇಜು ತೆರೆಯಿತು. ವಿಶ್ವವಿದ್ಯಾಲಯದ ಮೊದಲೆರಡು ವರ್ಷಗಳ ಪಾಠವನ್ನು ಊರಿನಲ್ಲಿಯೇ ಕಲಿಸುವುದಷ್ಟೇ ಅದರ ಉದ್ದೇಶವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಉನ್ನತ ಶಿಕ್ಷಣ ಆಯೋಗವು 1947ರಲ್ಲಿ ಕೊಟ್ಟ ವರದಿಯು, ಪ್ರತಿಯೊಬ್ಬರಿಗೂ ಕಾಲೇಜಿನ ಮೊದಲೆರಡು ವರ್ಷಗಳ ಶಿಕ್ಷಣ ಶುಲ್ಕವಿಲ್ಲದೆ ಸಿಗಬೇಕೆಂದೂ, ಅದನ್ನು ಕೊಡುವ ಕಾಲೇಜು ತನ್ನ ಊರಿನ ದುಡಿಮೆ, ಸಂಸ್ಕೃತಿ, ವಯಸ್ಕರ ಕಲಿಕೆ ಎಲ್ಲಕ್ಕೂ ಕೇಂದ್ರವಾಗಬೇಕೆಂದೂ ಹೇಳಿ ಆ ಉದ್ದೇಶವನ್ನು ಬಹಳ ವಿಸ್ತಾರಗೊಳಿಸಿತು. ಊರಿನೊಂದಿಗಿನ ಒಡನಾಟವನ್ನು ಕಾಲೇಜಿನ ಹುಟ್ಟಿನ ಕಾರಣಗಳಲ್ಲಿ ಒಂದೆಂದು ಹೇಳಬಹುದಾದುದು ಈ ವರದಿಯಿಂದಾಗಿ. ಶುಲ್ಕವಿಲ್ಲದ ಶಿಕ್ಷಣದ ಶಿಫಾರಸು ಮಾತ್ರ ಇಡೀ ದೇಶದಲ್ಲಿ ಇಂದಿಗೂ ಜಾರಿಗೆ ಬಂದಿಲ್ಲ.

ಬೆಂಬಲ ಸೇವೆಗೆ ಕಾನೂನಿನ ಆಸರೆ ಸಿಕ್ಕಿದ್ದು 1960ರ ದಶಕದಲ್ಲಿ, ನಾಗರಿಕ ಹಕ್ಕುಗಳ ಚಳವಳಿ ಮತ್ತು ಅಧ್ಯಕ್ಷ ಜಾನ್ಸನ್ ಸಾರಿದ ಬಡತನ ವಿರೋಧಿ ಹೋರಾಟದ ಹಿನ್ನೆಲೆಯಲ್ಲಿ. ಬಡ ಮನೆಗಳ ಪ್ರೌಢಶಾಲಾ ಮಕ್ಕಳನ್ನು ಕಾಲೇಜಿಗೆ ಸಜ್ಜುಗೊಳಿಸುವ ಯೋಜನೆ 1964ರಲ್ಲಿ, ಅಂಥವರನ್ನು ಹುಡುಕಿ ದಾರಿ ತೋರಿಸುವ ಯೋಜನೆ 1965ರಲ್ಲಿ, ಕಾಲೇಜಿಗೆ ಸೇರಿದ ಮೇಲೆ ಕೈಹಿಡಿದು ನಡೆಸುವ ಯೋಜನೆ 1968ರಲ್ಲಿ ಬಂದವು. ಮೂರೂ ಸೇರಿ ‘ಟ್ರಿಯೊ’ ಎನಿಸಿಕೊಂಡವು. ಕಾಲೇಜಿನ ಒಳಗಿನ ಮೂರನೆಯ ಯೋಜನೆಯ ಫಲಾನುಭವಿಗಳು ಕಡಿಮೆ ಆದಾಯದ ವಿದ್ಯಾರ್ಥಿಗಳು, ಅಂಗವೈಕಲ್ಯವುಳ್ಳವರು ಮತ್ತು ಮೊದಲ ಪೀಳಿಗೆಯವರು, ಅಂದರೆ ತಂದೆತಾಯಿಯರಲ್ಲಿ ಯಾರೂ ಪದವಿ ಪಡೆಯದ ಮನೆಗಳಿಂದ ಬಂದವರು. ಈ ಕೊನೆಯ ವರ್ಗವನ್ನು ಕಾನೂನು ಪ್ರತ್ಯೇಕವಾಗಿ ಗುರುತಿಸಿದ್ದರಲ್ಲಿ ಆಳವಾದ ಅರಿವಿದೆ. ಯಾವ ವಿಷಯ ಆರಿಸಬೇಕು, ಯಾವ ಅರ್ಜಿಗೆ ಯಾವ ದಿನ ಕೊನೆ, ಒಂದು ಪರೀಕ್ಷೆಯಲ್ಲಿ ನಪಾಸಾದರೆ ಮುಂದೇನು, ಪ್ರಾಧ್ಯಾಪಕರ ಕೋಣೆಯ ಬಾಗಿಲು ತಟ್ಟಬಹುದೇ ಎಂಬಂಥವು ಓದಿದ ಮನೆಗಳಲ್ಲಿ ಊಟದ ಹೊತ್ತಿಗೆ ತಾನಾಗಿ ತಿಳಿದುಬರುತ್ತವೆ, ಬೇರೆಡೆ ತಿಳಿಸುವವರೇ ಇರುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು 1969ರಲ್ಲಿ ಇದೇ ತಿಳಿವಳಿಕೆಯಿಂದ ತನ್ನ ಸಮುದಾಯ ಕಾಲೇಜುಗಳಿಗೆ ಪ್ರತ್ಯೇಕ ಶಾಸನ ಮಾಡಿ, ಸಲಹೆ, ಪಠ್ಯಪುಸ್ತಕದ ಖರ್ಚು ಮತ್ತು ಹೆಚ್ಚುವರಿ ಪಾಠಗಳಿಗೆ ರಾಜ್ಯದ ಹಣ ಒದಗಿಸಿತು.

ಸಲಹೆ ಕೊಡುವವರು ಇದ್ದ ಮಾತ್ರಕ್ಕೆ ವಿದ್ಯಾರ್ಥಿಗೆ ಒಳಿತಾಗುತ್ತದೆಂದು ತಿಳಿಯುವುದು ತಪ್ಪು. ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಕಿರಿಯ ಕಾಲೇಜೊಂದನ್ನು ಅಭ್ಯಸಿಸಿ 1960ರಲ್ಲಿ ಮಂಡಿಸಿದ ವಿಶ್ಲೇಷಣೆ ಇಂದಿಗೂ ಮನಸ್ಸನ್ನು ಕಲಕುತ್ತದೆ. ಎಲ್ಲರಿಗೂ ಬಾಗಿಲು ತೆರೆದ ಕಾಲೇಜು, ವಿಶ್ವವಿದ್ಯಾಲಯದ ಕನಸು ಹೊತ್ತು ಬಂದ ದುರ್ಬಲ ವಿದ್ಯಾರ್ಥಿಯನ್ನು ನೇರವಾಗಿ ಹೊರಹಾಕುವುದಿಲ್ಲ. ಪ್ರವೇಶದ ಪರೀಕ್ಷೆ, ಹಿಂದಿನ ಕಲಿಕೆಯ ಕೊರತೆ ತುಂಬುವ ಸೇತುಬಂಧದ ಪಾಠ, ಸಲಹೆಗಾರರೊಂದಿಗಿನ ಮಾತುಕತೆ, ದಾಖಲೆಯಲ್ಲಿ ಕೂಡುತ್ತ ಹೋಗುವ ಕಡಿಮೆ ಅಂಕಗಳು, ಇವುಗಳ ಮೂಲಕ ಅವನ ಆಸೆಯನ್ನು ಮೆಲ್ಲಗೆ ತಣ್ಣಗಾಗಿಸಿ, ಚಿಕ್ಕ ಗುರಿಯೊಂದನ್ನು ಅವನೇ ಆರಿಸಿಕೊಂಡಂತೆ ಮಾಡಿಬಿಡುತ್ತದೆ ಎಂದು ಕ್ಲಾರ್ಕ್ ತೋರಿಸಿದರು. ಸಮಾಜದ ಅಸಮಾನತೆ ಇಲ್ಲಿ ವಿದ್ಯಾರ್ಥಿಯ ವೈಯಕ್ತಿಕ ಸೋಲಿನ ರೂಪ ತಳೆಯುತ್ತದೆ. ಆದ್ದರಿಂದ ಬೆಂಬಲ ಸೇವೆಯ ಬಗ್ಗೆ ಮಾತನಾಡುವಾಗ ಸಲಹೆಗಾರರ ಸಂಖ್ಯೆಯಷ್ಟೇ ಗಮನಿಸಬೇಕಾದ ಸಂಗತಿ ಎಂದರೆ ಅವರು ವಿದ್ಯಾರ್ಥಿಯನ್ನು ಯಾವ ದಿಕ್ಕಿಗೆ ನಡೆಸುತ್ತಿದ್ದಾರೆ ಎಂಬುದು.

ಸಂಖ್ಯೆಯ ಪ್ರಶ್ನೆಯೂ ಕಡೆಗಣಿಸುವಂಥದ್ದಲ್ಲ. ಒಬ್ಬ ಸಲಹೆಗಾರನ ಪಾಲಿಗೆ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಬರುವುದು ಅನೇಕ ಕಾಲೇಜುಗಳಲ್ಲಿ ಸಾಮಾನ್ಯ. ಒಹಾಯೊ ರಾಜ್ಯದ ಲೊರೈನ್ ಮತ್ತು ಓವೆನ್ಸ್ ಎಂಬ ಎರಡು ಸಮುದಾಯ ಕಾಲೇಜುಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ನಡೆದ ಪ್ರಯೋಗವೊಂದರಲ್ಲಿ, ಸಲಹೆಗಾರನೊಬ್ಬನ ಪಾಲನ್ನು ಸುಮಾರು 160 ವಿದ್ಯಾರ್ಥಿಗಳಿಗೆ ಇಳಿಸಿ, ಸಲಹೆಗಾರರನ್ನು ಮತ್ತೆ ಮತ್ತೆ ಭೇಟಿಯಾದವರಿಗೆ ಸೆಮಿಸ್ಟರ್‌ಗೆ 150 ಡಾಲರ್‌ವರೆಗೆ ಸಣ್ಣ ವಿದ್ಯಾರ್ಥಿವೇತನ ಕೊಟ್ಟು, ಅದನ್ನು ಎರಡು ಸೆಮಿಸ್ಟರ್ ನಡೆಸಿ ಫಲವನ್ನು ಅಳೆಯಲಾಯಿತು. ಚೀಟಿ ಎತ್ತಿದ ರೀತಿಯಲ್ಲಿ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಸೇವೆಯನ್ನೂ ಇನ್ನೊಂದಕ್ಕೆ ಎಂದಿನ ಸೇವೆಯನ್ನೂ ಕೊಟ್ಟು ಹೋಲಿಸುವ ಈ ಪದ್ಧತಿ ವೈದ್ಯಕೀಯದಲ್ಲಿ ಔಷಧಿಯ ಗುಣವನ್ನು ಪರೀಕ್ಷಿಸುವ ಪದ್ಧತಿಯೇ ಆಗಿದ್ದು, ಅದರ ಫಲಿತಾಂಶವನ್ನು ತಳ್ಳಿಹಾಕುವುದು ಕಷ್ಟ. ಸೇವೆ ನಡೆಯುತ್ತಿದ್ದಷ್ಟು ಕಾಲ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಉಳಿಯುವುದರಲ್ಲಿ ಸ್ವಲ್ಪ ಸುಧಾರಣೆ ಕಂಡಿತು, ಸೇವೆ ನಿಂತ ಮೇಲೆ ಅದೂ ಕರಗಿತು. ನೆರವು ಅಲ್ಪಕಾಲದ್ದಾದರೆ ಫಲವೂ ಅಲ್ಪಕಾಲದ್ದು ಎಂದು ಈ ಪ್ರಯೋಗದಿಂದ ಗೊತ್ತಾಯಿತು. ಹಾಗಾದರೆ ದೀರ್ಘಕಾಲದ, ಎಲ್ಲ ದಿಕ್ಕಿನಿಂದಲೂ ಒದಗುವ ನೆರವು ಏನು ಮಾಡಬಲ್ಲದು ಎಂಬ ಪ್ರಶ್ನೆ ಉಳಿಯಿತು.

ಅದಕ್ಕೆ ಉತ್ತರ ದೊರೆತದ್ದು ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದಲ್ಲಿ. ‘ಕ್ಯೂನಿ’ ಎಂದು ಹೆಸರಾದ ಆ ಸಾರ್ವಜನಿಕ ವಿಶ್ವವಿದ್ಯಾಲಯವು ನಗರಾಡಳಿತದ ಬಡತನ ನಿವಾರಣಾ ಹಣದ ನೆರವಿನಿಂದ 2007ರಲ್ಲಿ ತನ್ನ ಸಮುದಾಯ ಕಾಲೇಜುಗಳಲ್ಲಿ ‘ಏಸಾಪ್’ ಎಂಬ ಯೋಜನೆಯನ್ನು ಆರಂಭಿಸಿತು. ಸೇರಿದ ವಿದ್ಯಾರ್ಥಿ ಪೂರ್ಣಾವಧಿಯಾಗಿ ಓದಬೇಕು, ಸೇತುಬಂಧದ ಪಾಠಗಳನ್ನು ಮುಂದೂಡದೆ ಆರಂಭದಲ್ಲಿಯೇ ಮುಗಿಸಬೇಕು, ತನ್ನ ಸಲಹೆಗಾರರನ್ನು ತಿಂಗಳಿಗೆ ಎರಡು ಬಾರಿಯಾದರೂ ಕಾಣಬೇಕು ಎಂಬ ನಿಯಮವಿತ್ತು. ಇದಕ್ಕೆ ಪ್ರತಿಯಾಗಿ ವಿದ್ಯಾರ್ಥಿವೇತನ ಕಳೆದು ಉಳಿದ ಶುಲ್ಕವನ್ನು ಕಾಲೇಜೇ ಭರಿಸುತ್ತಿತ್ತು, ಪಠ್ಯಪುಸ್ತಕಗಳನ್ನು ಪುಕ್ಕಟೆಯಾಗಿ ಕೊಡುತ್ತಿತ್ತು, ನಗರದ ಬಸ್ಸು ಮತ್ತು ಸುರಂಗ ರೈಲಿನ ತಿಂಗಳ ಪಾಸು ಒದಗಿಸುತ್ತಿತ್ತು, ಜೊತೆಯವರು ಒಂದೇ ತರಗತಿಗಳಲ್ಲಿ ಕೂಡಿ ಓದುವಂತೆ ವೇಳಾಪಟ್ಟಿ ಹೊಂದಿಸುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಎಂದಿನ ವ್ಯವಸ್ಥೆಯಲ್ಲಿ 600ರಿಂದ 1,500 ವಿದ್ಯಾರ್ಥಿಗಳಿಗೆ ಒಬ್ಬ ಸಲಹೆಗಾರನಿದ್ದ ಕಡೆ ಈ ಯೋಜನೆಯಲ್ಲಿ 60ರಿಂದ 80 ವಿದ್ಯಾರ್ಥಿಗಳಿಗೆ ಒಬ್ಬರಿದ್ದರು. ಈ ಎಲ್ಲವೂ ಮೂರು ವರ್ಷ ಬಿಡದೆ ನಡೆಯುತ್ತಿತ್ತು. ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಮೂರು ಕಾಲೇಜುಗಳ 896 ಬಡ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿತು. ಇವರೆಲ್ಲರೂ ಇಂಗ್ಲಿಷಿನಲ್ಲೋ ಗಣಿತದಲ್ಲೋ ಸೇತುಬಂಧದ ಪಾಠದ ಅಗತ್ಯವಿದ್ದವರು. ಮೂರು ವರ್ಷಗಳಲ್ಲಿ ಎಂದಿನ ಸೇವೆ ಪಡೆದವರಲ್ಲಿ ನೂರಕ್ಕೆ 22 ಮಂದಿ ಪದವಿ ಪಡೆದರೆ, ಏಸಾಪ್ ವಿದ್ಯಾರ್ಥಿಗಳಲ್ಲಿ ನೂರಕ್ಕೆ 40 ಮಂದಿ ಪದವಿ ಪಡೆದರು. ಅಮೆರಿಕದ ಉನ್ನತ ಶಿಕ್ಷಣದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷೆಗೊಳಪಟ್ಟ ಯೋಜನೆಗಳಲ್ಲಿ ಇಂಥ ಫಲ ಅಪರೂಪ.

ಈ ಯೋಜನೆಯ ಬಸ್ ಪಾಸಿನ ಬಗೆಗೆ ಸ್ವಲ್ಪ ನಿಂತು ಯೋಚಿಸುವುದು ಒಳ್ಳೆಯದು. ಸಲಹೆಗಾರರನ್ನು ಭೇಟಿಯಾಗುವುದು ಮುಂತಾದ ನಿಯಮಗಳನ್ನು ಪಾಲಿಸಿದ ವಿದ್ಯಾರ್ಥಿಗೆ ಮಾತ್ರ ಪಾಸು ಸಿಗುತ್ತಿತ್ತು. ಹೀಗಾಗಿ ಅದು ಪ್ರಯಾಣದ ಖರ್ಚನ್ನು ನೀಗಿಸಿದ್ದಲ್ಲದೆ, ತಪ್ಪಿಸಿಕೊಂಡು ಹೋಗುತ್ತಿದ್ದ ವಿದ್ಯಾರ್ಥಿಯನ್ನು ತಿಂಗಳು ತಿಂಗಳು ಒಬ್ಬ ಹಿತೈಷಿಯ ಎದುರು ಕೂರಿಸಿತು. ಕರ್ನಾಟಕದ ಹಳ್ಳಿಗಳಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಓಡಾಡುವ ಮಕ್ಕಳ ತಂದೆತಾಯಿಯರಿಗೆ ಬಸ್ಸಿನ ಪ್ರಶ್ನೆ ಹೊಸದಲ್ಲ. ಶುಲ್ಕ ಮನ್ನಾ ಆದ ಮೇಲೂ ಓದನ್ನು ನಿಲ್ಲಿಸಬಲ್ಲ ಖರ್ಚುಗಳಲ್ಲಿ ಅದೊಂದು. ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸು ಮತ್ತು 2023ರ ಜೂನ್ 11ರಂದು ಆರಂಭವಾದ, ಹೆಣ್ಣುಮಕ್ಕಳಿಗೆ ಪುಕ್ಕಟೆ ಬಸ್ ಪ್ರಯಾಣದ ಶಕ್ತಿ ಯೋಜನೆ ಆ ಖರ್ಚನ್ನು ತಗ್ಗಿಸಿವೆ. ಪಾಸಿನ ಜೊತೆಗೆ ವಿದ್ಯಾರ್ಥಿಯನ್ನು ಹೆಸರು ಹಿಡಿದು ಬಲ್ಲ ಸಲಹೆಗಾರರನ್ನೂ ಒದಗಿಸಿದ್ದು ನ್ಯೂಯಾರ್ಕಿನ ವಿಶೇಷ.

ಬಸ್ಸಿಗಿಂತ ಹಿಂದಿನ ಪ್ರಶ್ನೆ ಅನ್ನದ್ದು. ಟೆಕ್ಸಸ್ ರಾಜ್ಯದ ಉತ್ತರ ಭಾಗದ ಬಯಲಿನಲ್ಲಿರುವ ಅಮರಿಲ್ಲೊ ಕಾಲೇಜಿನ ಅಧ್ಯಕ್ಷರಾಗಿದ್ದ ರಸೆಲ್ ಲೌರಿ-ಹಾರ್ಟ್, ಯಾವ ಅಡ್ಡಿಗಳಿಂದ ಓದು ನಿಲ್ಲುತ್ತಿದೆಯೆಂದು ವಿದ್ಯಾರ್ಥಿಗಳನ್ನೇ ಕೇಳಿದರು. ಬಂದ ಉತ್ತರಗಳ ಮೊದಲ ಹತ್ತರಲ್ಲಿ ಪಾಠಕ್ಕೆ ಸಂಬಂಧಿಸಿದ್ದು ಒಂದೂ ಇರಲಿಲ್ಲ. ಮಕ್ಕಳನ್ನು ನೋಡಿಕೊಳ್ಳುವವರಿಲ್ಲ, ವಾಹನವಿಲ್ಲ, ಮನೆಬಾಡಿಗೆ ಕಟ್ಟಲಾಗುತ್ತಿಲ್ಲ, ಊಟಕ್ಕಿಲ್ಲ, ವೈದ್ಯರಿಗೆ ತೋರಿಸಲು ಹಣವಿಲ್ಲ ಎಂಬಂಥವೇ ಇದ್ದವು. ಪಾಠದ ಗುಣಮಟ್ಟವನ್ನು ಹೆಚ್ಚಿಸಲು ಹೊರಟಿದ್ದ ಕಾಲೇಜು ತನ್ನ ಲೆಕ್ಕಾಚಾರವನ್ನೇ ಬದಲಿಸಬೇಕಾಯಿತು. ಅದು ಆವರಣದಲ್ಲಿ ನೆರವಿನ ಕೇಂದ್ರವನ್ನು ತೆರೆದು, ಸಮಾಜಕಾರ್ಯಕರ್ತರನ್ನು ನೇಮಿಸಿ, ದಿನಸಿ ಮತ್ತು ಬಟ್ಟೆಯ ಕೋಣೆಗಳನ್ನಿಟ್ಟು, ದೀಪದ ಬಿಲ್ಲು ಕಟ್ಟಲಾಗದೆ ಅಥವಾ ಕಾರು ಕೆಟ್ಟು ಓದು ನಿಲ್ಲುವ ಹಂತದಲ್ಲಿರುವವರಿಗೆ ತುರ್ತು ಹಣ ಕೊಡುವ ವ್ಯವಸ್ಥೆ ಮಾಡಿತು. ಊರಿನ ಆಹಾರ ನಿಧಿಗಳು, ಚರ್ಚುಗಳು, ದಾನಿಗಳು, ವಕೀಲರು, ಆರೋಗ್ಯ ಸಂಸ್ಥೆಗಳು ಎಲ್ಲಿವೆ, ಯಾರಿಗೆ ಏನು ಕೊಡುತ್ತವೆ ಎಂಬುದನ್ನು ತಿಳಿದು ವಿದ್ಯಾರ್ಥಿಯನ್ನು ಅಲ್ಲಿಗೆ ಮುಟ್ಟಿಸುವುದೂ ಕೇಂದ್ರದ ಕೆಲಸವಾಯಿತು. ಬೆಂಬಲ ಸೇವೆ ಮತ್ತು ಊರಿನ ಒಡನಾಟ ಎರಡು ಬೇರೆ ವಿಭಾಗಗಳಾಗಿ ಉಳಿಯದೆ ಒಂದಾಗುವುದು ಇಲ್ಲಿಯೇ. 2023ರಲ್ಲಿ ದೇಶದ ಅತ್ಯುತ್ತಮ ಸಮುದಾಯ ಕಾಲೇಜುಗಳಿಗೆ ಕೊಡುವ ಆಸ್ಪೆನ್ ಪ್ರಶಸ್ತಿಯನ್ನು ಅಮರಿಲ್ಲೊ ಕಾಲೇಜು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿ ಕಾಲೇಜಿನೊಂದಿಗೆ ಹಂಚಿಕೊಂಡಿತು.

ಅನ್ನಕ್ಕೂ ವಿದ್ಯೆಗೂ ಇರುವ ನಂಟನ್ನು ಕನ್ನಡ ನಾಡು ಬಹಳ ಹಿಂದೆಯೇ ಕಂಡುಕೊಂಡಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದ ಪದ್ಧತಿಯಿಂದ ಹಲವು ತಲೆಮಾರುಗಳ ಬಡ ಹುಡುಗರು ಮೈಸೂರು, ಬೆಂಗಳೂರುಗಳಲ್ಲಿ ಓದಿ ಮುಂದೆ ಬಂದರು. ಆದರೆ ಅದು ಜಾತಿಯ ಗೆರೆಯೊಳಗಿನ ವ್ಯವಸ್ಥೆಯಾಗಿತ್ತು, ಉಣ್ಣುವವನು ಮನೆಯೊಡತಿಯ ಮನಸ್ಸಿಗೆ ಕಾಯಬೇಕಾಗಿತ್ತು, ಹೆಣ್ಣುಮಕ್ಕಳಿಗೆ ಅದರಲ್ಲಿ ಎಡೆಯೇ ಇರಲಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಪಾಠಗಳನ್ನು ಒಟ್ಟಿಗೆ ಒದಗಿಸಿದ್ದು ಆ ಮಿತಿಯನ್ನು ಬಹು ದೂರ ದಾಟಿದ ಹೆಜ್ಜೆ. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಊಟ-ವಸತಿಯ ಹಣ ಕೊಡಲು ಕರ್ನಾಟಕ ಸರ್ಕಾರ ರೂಪಿಸಿದ ವಿದ್ಯಾಸಿರಿ ಯೋಜನೆಯಿಂದ ಅದೇ ನೆರವಿಗೆ ಸರ್ಕಾರಿ ಆದೇಶದ ಬಲ ಬಂತು. ಅನ್ನ ಹಕ್ಕಾಗಿ ಬಂದಾಗ ವಿದ್ಯಾರ್ಥಿ ತಲೆ ತಗ್ಗಿಸಬೇಕಾಗಿಲ್ಲ. ಅಮರಿಲ್ಲೊದಂಥ ಕಾಲೇಜುಗಳು ದಿನಸಿಯ ಕೋಣೆಯನ್ನು ಮರೆಯಲ್ಲಿಡದೆ ಎಲ್ಲರ ಕಣ್ಣೆದುರು ಇಡುವುದರ ಹಿಂದೆಯೂ ಇದೇ ವಿವೇಕವಿದೆ.

ಊರಿನ ಒಡನಾಟವೆಂದರೆ ಕಾಲೇಜು ಊರಿಗೆ ಮಾಡುವ ಉಪಕಾರವೆಂಬ ಭಾವನೆ ಎಷ್ಟು ಅಪೂರ್ಣವೆಂಬುದನ್ನು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಹೋಸ್ಟೋಸ್ ಸಮುದಾಯ ಕಾಲೇಜಿನ ಇತಿಹಾಸ ತೋರಿಸುತ್ತದೆ. ಪೋರ್ಟೊರಿಕೊದಿಂದ ಬಂದು ನೆಲೆಸಿದ ಸ್ಪ್ಯಾನಿಷ್ ಮಾತಿನ ಬಡವರ ಒತ್ತಾಯದಿಂದ 1968ರಲ್ಲಿ ಸ್ಥಾಪನೆಯಾಗಿ, ಆ ದ್ವೀಪದ ಶಿಕ್ಷಣ ಚಿಂತಕ ಎಉಜೆನಿಯೊ ಮರಿಯಾ ದೆ ಹೋಸ್ಟೋಸ್ ಅವರ ಹೆಸರು ಪಡೆದ ಈ ಕಾಲೇಜು, ಹಳೆಯ ಟೈರು ಕಾರ್ಖಾನೆಯ ಕಟ್ಟಡವೊಂದರಲ್ಲಿ ಇಂಗ್ಲಿಷು ಮತ್ತು ಸ್ಪ್ಯಾನಿಷು ಎರಡರಲ್ಲೂ ಪಾಠ ಆರಂಭಿಸಿತು. ಮೊದಲ ದಿನಗಳಿಂದಲೂ ಮನೆಮಾತಿನಲ್ಲಿ ವಿಷಯ ಕಲಿಯುತ್ತ ಇಂಗ್ಲಿಷಿಗೆ ದಾಟುವ ಅವಕಾಶವನ್ನು ಅದು ವಿದ್ಯಾರ್ಥಿಗೆ ಕೊಟ್ಟಿತು. ಬೆಂಬಲ ಸೇವೆಗಳಲ್ಲಿ ಇದಕ್ಕಿಂತ ಮೂಲಭೂತವಾದುದು ಇನ್ನೊಂದಿರಲಾರದು. ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದ 1970ರ ದಶಕದ ನಡುವಿನಲ್ಲಿ ಈ ಕಾಲೇಜಿನ ಬಾಗಿಲು ಮುಚ್ಚಿ ಬೇರೊಂದರೊಂದಿಗೆ ಸೇರಿಸುವ ಪ್ರಸ್ತಾಪ ಬಂದಾಗ, ವಿದ್ಯಾರ್ಥಿಗಳು, ಅಧ್ಯಾಪಕರು, ಸುತ್ತಲಿನ ನಿವಾಸಿಗಳು ಬೀದಿಗಿಳಿದರು, 1976ರಲ್ಲಿ ಕಟ್ಟಡದಲ್ಲಿಯೇ ಠಿಕಾಣಿ ಹೂಡಿದರು, ಕಾಲೇಜು ಉಳಿಯಿತು. ಅದೇ ವರ್ಷ ಕ್ಯೂನಿಯ ಶುಲ್ಕವಿಲ್ಲದ ಶಿಕ್ಷಣದ ಶತಮಾನಕ್ಕೂ ಹಳೆಯ ಪರಂಪರೆ ಮಾತ್ರ ಮುರಿದುಬಿತ್ತು.

ಒಹಾಯೊದ ಲೊರೈನ್ ಜಿಲ್ಲೆಯಲ್ಲಿ ಈ ಸಂಬಂಧ ಬೇರೊಂದು ರೂಪದಲ್ಲಿದೆ. ಉಕ್ಕಿನ ಕಾರ್ಖಾನೆಯನ್ನೂ ಫೋರ್ಡ್ ಕಾರಿನ ಜೋಡಣಾ ಘಟಕವನ್ನೂ ನಂಬಿ ಬೆಳೆದು, ಕೆಲಸಗಳು ಕಡಿಮೆಯಾದ ಮೇಲೆ ಸೊರಗಿದ ಈ ಪ್ರದೇಶದಲ್ಲಿ ಕಾಲೇಜಿನ ಆದಾಯದ ಒಂದು ಭಾಗ ಜಿಲ್ಲೆಯ ಆಸ್ತಿ ತೆರಿಗೆಯಿಂದ ಬರುತ್ತದೆ, ಆ ತೆರಿಗೆಯನ್ನು ಮತದಾರರು ಮತ ಹಾಕಿ ಒಪ್ಪಬೇಕು. ಕಾಲೇಜು ತಮಗಾಗಿ ಇದೆಯೆಂದು ಜನರಿಗೆ ಅನ್ನಿಸದಿದ್ದರೆ ಆ ಹಣ ನಿಲ್ಲುತ್ತದೆ. ಹೀಗಾಗಿ ಅಲ್ಲಿ ಒಡನಾಟವು ಅಸ್ತಿತ್ವದ ಪ್ರಶ್ನೆ. ಟೆನೆಸಿ ರಾಜ್ಯದ ಮಾದರಿ ಇನ್ನೂ ಬೇರೆ. 2014ರಲ್ಲಿ ಶಾಸನವಾಗಿ 2015ರಿಂದ ಜಾರಿಗೆ ಬಂದ ಅಲ್ಲಿನ ಯೋಜನೆಯು, ಬೇರೆ ವಿದ್ಯಾರ್ಥಿವೇತನಗಳು ಕಳೆದು ಉಳಿದ ಶುಲ್ಕವನ್ನು ರಾಜ್ಯವೇ ಕಟ್ಟಿ, ಸ್ವಯಂಸೇವಕ ಮಾರ್ಗದರ್ಶಕರೊಬ್ಬರನ್ನು ಗೊತ್ತುಮಾಡಿ, ಪ್ರತಿ ಸೆಮಿಸ್ಟರ್‌ಗೆ ಎಂಟು ಗಂಟೆ ಊರಿನ ಸೇವೆ ಮಾಡಬೇಕೆಂಬ ಷರತ್ತನ್ನು ವಿದ್ಯಾರ್ಥಿಗೆ ಹಾಕಿತು. ಊರು ಮಾರ್ಗದರ್ಶಕನನ್ನು ಕೊಡುವುದು, ವಿದ್ಯಾರ್ಥಿ ತನ್ನ ದುಡಿಮೆಯನ್ನು ಕೊಡುವುದು ಚೆಂದದ ಕೊಡುಕೊಳೆಯೇ ಸರಿ. ಆದರೆ ಸೇವೆಯ ಗಂಟೆ ತುಂಬದವರಿಗೆ ನೆರವೇ ತಪ್ಪುವ ನಿಯಮವು, ಓದಿನ ಜೊತೆಗೆ ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿಯುವ ಹುಡುಗಿಗೂ ಬಿಡುವಿರುವ ಮನೆಯ ಹುಡುಗನಿಗೂ ಒಂದೇ ತೂಕದ್ದಲ್ಲ ಎಂಬುದನ್ನು ಒಪ್ಪಬೇಕಾಗುತ್ತದೆ. ಷರತ್ತಿಗೆ ಒಳಗಾದ ಸೇವೆ ತರಗತಿಯ ಪಾಠದೊಂದಿಗೆ ಬೆಸೆದುಕೊಂಡಾಗ, ಉದಾಹರಣೆಗೆ ದಾದಿಯ ಕೆಲಸ ಕಲಿಯುವವರು ವೃದ್ಧರ ರಕ್ತದೊತ್ತಡ ನೋಡುವ ಶಿಬಿರಗಳಲ್ಲಿ ದುಡಿದಾಗ, ಅದು ಹೊರೆಯಾಗದೆ ಕಲಿಕೆಯಾಗುತ್ತದೆ.

ಭಾರತದಲ್ಲಿಯೂ ಸಮುದಾಯ ಕಾಲೇಜಿನ ಕಲ್ಪನೆಗೆ ಮೂರು ದಶಕಗಳ ಚರಿತ್ರೆ ಇದೆ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಸಮುದಾಯ ಕಾಲೇಜನ್ನು ಆರಂಭಿಸಿತು. 1996ರಲ್ಲಿ ಮದ್ರಾಸಿನಲ್ಲಿ ಪಾದ್ರಿ ಕ್ಸೇವಿಯರ್ ಅಲ್ಫೋನ್ಸ್ ಅವರ ನೇತೃತ್ವದಲ್ಲಿ ಮತ್ತೊಂದು ತೆರೆಯಿತು. 12ನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಇದನ್ನು ರಾಷ್ಟ್ರೀಯ ಯೋಜನೆಯಾಗಿ ವಿಸ್ತರಿಸಿತು. ಇಲ್ಲಿ ಒತ್ತು ಹೆಚ್ಚಾಗಿ ಕಸುಬಿನ ತರಬೇತಿಗೆ ಮತ್ತು ಸ್ಥಳೀಯ ಉದ್ಯಮದ ನಂಟಿಗೆ ಬಿದ್ದಿದೆ. ಅಮೆರಿಕದ ಅನುಭವದಿಂದ ಇಲ್ಲಿಗೆ ತರಬೇಕಾದುದರಲ್ಲಿ ಪಠ್ಯಕ್ರಮಕ್ಕಿಂತ ಮೊದಲು ಬರುವುದು ವಿದ್ಯಾರ್ಥಿಯ ಹಿಂದೆ ನಿಲ್ಲುವ ಸಲಹೆಗಾರನ ಹುದ್ದೆ.

ಆ ಹುದ್ದೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೂ ಪ್ರಯೋಗಗಳು ಉತ್ತರ ಕೊಟ್ಟಿವೆ. ಏಸಾಪ್ ಯೋಜನೆ ಮೂರು ವರ್ಷಗಳಲ್ಲಿ ಪ್ರತಿ ವಿದ್ಯಾರ್ಥಿಗೆ ಎಂದಿನದಕ್ಕಿಂತ ಸುಮಾರು 16,300 ಡಾಲರ್ ಹೆಚ್ಚು ಬೇಡಿತು. ಆದರೆ ಪದವಿ ಪಡೆದವರ ಸಂಖ್ಯೆ ಬಹಳ ಏರಿದ್ದರಿಂದ, ಒಂದೊಂದು ಪದವಿಗೆ ತಗಲಿದ ವೆಚ್ಚ ಎಂದಿನದಕ್ಕಿಂತ ಕಡಿಮೆಯೇ ಆಯಿತು. ಸೇರಿದ ತಲೆಗಳನ್ನು ಎಣಿಸಿ ಅನುದಾನ ಕೊಡುವ ಸರ್ಕಾರಕ್ಕೆ ಈ ಲಾಭ ಕಾಣುವುದಿಲ್ಲ. ಮುಗಿಸಿದವರನ್ನು ಎಣಿಸುವ ಸರ್ಕಾರಕ್ಕೆ ಕಾಣುತ್ತದೆ. ಒಹಾಯೊ ರಾಜ್ಯವು ಸಮುದಾಯ ಕಾಲೇಜುಗಳ ಅನುದಾನವನ್ನು ಪಾಠ ಮತ್ತು ಪದವಿ ಮುಗಿಸಿದವರ ಲೆಕ್ಕಕ್ಕೆ ಕಟ್ಟಿದ ಕಾಲದಲ್ಲಿಯೇ ಅಲ್ಲಿನ ಮೂರು ಕಾಲೇಜುಗಳು ಏಸಾಪ್ ಮಾದರಿಯನ್ನು ತಮ್ಮಲ್ಲಿ ನಡೆಸಿ ನೋಡಿದವು. ಹಿಂದೆ ಎರಡು ಸೆಮಿಸ್ಟರ್‌ಗಳ ಪ್ರಯೋಗ ಮಂಕಾಗಿದ್ದ ಅದೇ ಲೊರೈನ್ ಕಾಲೇಜು ಅವುಗಳಲ್ಲಿ ಒಂದು. ಈ ಬಾರಿ ಮೂರು ವರ್ಷಗಳಲ್ಲಿ ಪದವಿ ಪಡೆದವರು ಮೂರು ಕಾಲೇಜುಗಳಲ್ಲಿ ಸೇರಿ ನೂರಕ್ಕೆ 35, ಎಂದಿನ ಗುಂಪಿನಲ್ಲಿ 19. ಪ್ರಯೋಗದ ಅವಧಿ ಮುಗಿದ ಮೇಲೂ ಲೊರೈನ್ ತನ್ನ ಯೋಜನೆಯನ್ನು ‘ಸೈಲ್’ ಎಂಬ ಹೆಸರಿನಲ್ಲಿ ಮುಂದುವರಿಸಿತು.

ಇಷ್ಟಾದರೂ ಒಂದು ಕೊರತೆ ಹಾಗೆಯೇ ಉಳಿದಿದೆ. ಈ ಯೋಜನೆಗಳು ಪೂರ್ಣಾವಧಿಯಾಗಿ ಓದುವವರಿಗೆ ಮಾತ್ರ, ಆದರೆ ಸಮುದಾಯ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅರೆಕಾಲಿಕರು. ಪಾಳಿ ಮುಗಿಸಿ ಬಂದು ಸೆಮಿಸ್ಟರ್‌ಗೆ ಒಂದೋ ಎರಡೋ ವಿಷಯ ಓದುವ ಕಾರ್ಮಿಕನಿಗೂ, ಮಗುವನ್ನು ಅಮ್ಮನ ಬಳಿ ಬಿಟ್ಟು ವಾರಕ್ಕೆ ಎರಡು ಸಂಜೆ ಬರುವ ತಾಯಿಗೂ ಶುಲ್ಕ, ಪುಸ್ತಕ, ಪಾಸು, ಸಲಹೆಗಾರ ಎಲ್ಲವೂ ಒಟ್ಟಾಗಿ ದೊರೆಯುವ ಆ ಯೋಜನೆಯಲ್ಲಿ ಇನ್ನೂ ಜಾಗವಿಲ್ಲ. ಅವರಿಗೆ ಸಂಜೆ ಏಳರ ಮೇಲೂ ತೆರೆದಿರುವ ಸಲಹಾ ಕೋಣೆ, ತರಗತಿಯ ಹೊತ್ತಿಗೆ ನಡೆಯುವ ಶಿಶುಪಾಲನಾ ಕೇಂದ್ರ, ಮೂರರ ಬದಲು ಐದಾರು ವರ್ಷ ಹಿಡಿಯುವ ನೆರವು ಬೇಕು. ಈ ಕಾಲೇಜುಗಳು ಮುಂದಿನ ದಿನಗಳಲ್ಲಿ ಕಟ್ಟಬೇಕಾಗಿರುವ ವ್ಯವಸ್ಥೆ ಅದೇ.